ನೆಲ ಗಟ್ಟಿಯಾಗಿರಲಿ, ಮೂಲೆ ಮೆತ್ತಗಿರಲಿ

ಹಾಡು ಕೇಳುವ ಕೋಣೆ ಎಂದರೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಎಂದುಕೊಂಡವರೇ ಹೆಚ್ಚು. ಆದರೆ ಕಾರ್ಪೆಟ್ ನುಂಗುವುದು ಟ್ರೆಬಲ್, ಅಂದರೆ ಚೂಪಾದ ಮೇಲಿನ ಸ್ವರಗಳನ್ನು ಮಾತ್ರ. ಗಾಯಕರ 'ಸ'ಕಾರ ಮಂಕಾಗುತ್ತದೆ, ಬೇಸ್ ಗಿಟಾರಿನ ಒಂದೆರಡು ಸ್ವರ ಮೊದಲಿನಂತೆಯೇ ಗುಂಯ್‌ಗುಡುತ್ತದೆ.

ಹಾಗಾಗಿ ನನ್ನ ಕೋಣೆಯ ಟೈಲ್ಸ್ ಕೀಳಿಸಲಿಲ್ಲ. ಕಾಂಕ್ರೀಟಿಗೆ ಸರಿಯಾಗಿ ಕೂತ ಟೈಲ್ಸ್ ಅಲುಗುವುದಿಲ್ಲ. ಮರದ ನೆಲವೇ ಬೇಕೆಂದರೆ ಅಂಟಿಸಿಯೇ ಹಾಕಿಸಿ. ತೆಳು ಫೋಮಿನ ಮೇಲೆ ಹಾಸಿದ ಲ್ಯಾಮಿನೇಟ್ ಕಾಲಿಟ್ಟರೆ ಟೊಳ್ಳು ಸದ್ದು ಮಾಡುತ್ತದೆ.

ಉಳಿದದ್ದು ಒಂದು ದಪ್ಪ ರಗ್. ಟ್ವೀಟರ್ (ಸ್ಪೀಕರಿನಲ್ಲಿ ಟ್ರೆಬಲ್ ನುಡಿಸುವ ಭಾಗ) 95 ಸೆಂ.ಮೀ. ಎತ್ತರದಲ್ಲಿ, ಕಿವಿ 1 ಮೀಟರ್ ಎತ್ತರದಲ್ಲಿ, ನಡುವೆ 2.4 ಮೀಟರ್ ಅಂತರ. ಈ ಲೆಕ್ಕಕ್ಕೆ ದನಿ ನೆಲಕ್ಕೆ ಬಡಿದು ಪುಟಿಯುವುದು ಸ್ಪೀಕರಿನಿಂದ 1.17 ಮೀಟರ್ ದೂರದಲ್ಲಿ. ಅದರ ಆಚೀಚೆ ಅರ್ಧರ್ಧ ಮೀಟರ್ ಮುಚ್ಚುವಂತೆ ರಗ್ ಹಾಸಿ, ಅಡಿಗೆ 10 ಮಿ.ಮೀ. ಫೆಲ್ಟ್ ಕೊಟ್ಟೆ. 75 ಸೆಂ.ಮೀ. ಎತ್ತರದಲ್ಲಿರುವ, ಬೇಸ್ ನುಡಿಸುವ ವೂಫರಿನ ದನಿ ಇದೇ ನೆಲದಿಂದ ಪುಟಿದು ನೇರ ಬರುವ ದನಿಯೊಂದಿಗೆ ಸೇರಿ 310 ಹರ್ಟ್ಜ್ ಸುತ್ತ ಸದ್ದನ್ನು ತಗ್ಗಿಸುತ್ತದೆ. ಅಲ್ಲಿ ಅಲೆಯ ಉದ್ದ ಮೀಟರಿಗೂ ಹೆಚ್ಚು, ರಗ್ಗಿಗೆ ಅದು ದಕ್ಕುವುದಿಲ್ಲ.

ನಿಜವಾದ ಕೆಲಸವೆಲ್ಲ ಮೂಲೆಗಳಲ್ಲಿ. 600×1200 ಮಿ.ಮೀ. ಮರದ ಚೌಕಟ್ಟು 10. ಒಂದೊಂದಕ್ಕೂ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ) ಎರಡು ಪದರ, ಅಂದರೆ 20 ಹಲಗೆ. ಬಾಗಿಲಿಲ್ಲದ ಮೂರು ಮೂಲೆಗಳಿಗೆ ಅಡ್ಡಲಾಗಿ, ಒಂದರ ಮೇಲೊಂದರಂತೆ ಆರು. ಹಿಂದಿನ ತ್ರಿಕೋನದ ಪೊಳ್ಳು ಹಾಗೇ ಇರಲಿ, ಬೇಸ್ ಹಿಡಿಯಲು ಆ ಗಾಳಿಯೂ ಬೇಕು. ಪಕ್ಕದ ಗೋಡೆಗಳಿಗೆ ಎರಡು, ಚಾವಣಿಯಿಂದ 10 ಸೆಂ.ಮೀ. ಕೆಳಗೆ ಎರಡು. ದನಿ ಪುಟಿಯುವ ಜಾಗ ಹುಡುಕಲು ಕನ್ನಡಿ ಸಾಕು: ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗುಂಟ ಸರಿಸಲಿ, ಟ್ವೀಟರ್ ಕಂಡಲ್ಲಿ ಗುರುತು ಹಾಕಿ.

ಹೊದಿಕೆ ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಬರಬೇಕು. ರೆಕ್ಸಿನ್ ಹೊದಿಸಿದರೆ ಟ್ರೆಬಲ್ ಅದಕ್ಕೇ ಬಡಿದು ವಾಪಸ್ ಬರುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು. ತುರಿಕೆ ಎರಡು ದಿನ ಬಿಡುವುದಿಲ್ಲ. ಬ್ರೆಡ್ ಚಾಕು ಚೆನ್ನಾಗಿ ಕೊಯ್ಯುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಮಾತು ಬಿಡಿ.

ಕೋಣೆಯ ಉದ್ದ 4.2 ಮೀಟರ್, ಅದರಿಂದ ಹುಟ್ಟುವ 41 ಹರ್ಟ್ಜ್‌ನ ಉಬ್ಬು ಈ ದಪ್ಪದ ಪ್ಯಾನೆಲ್‌ಗಳಿಗೆ ಹೆಚ್ಚು ಜಗ್ಗುವುದಿಲ್ಲ. ಹಿಂಗೋಡೆಗೆ ಒರಗಿ ಕೂತರೆ ಅದು ಅತಿ ಜೋರು, ಕೋಣೆಯ ನಟ್ಟನಡುವೆ ಕೂತರೆ ಮಾಯ. ರೂಮ್ ಇಕ್ಯು ವಿಝರ್ಡ್ ಎಂಬ ಸಾಫ್ಟ್‌ವೇರಿನಲ್ಲಿ ಸದ್ದು ಅಳೆಯುತ್ತ ಕುರ್ಚಿಯನ್ನು 10 ಸೆಂ.ಮೀ.ನಂತೆ ಮುಂದೆ ತಂದೆ, ಹಿಂಗೋಡೆಯಿಂದ 1.3 ಮೀಟರ್ ದೂರದಲ್ಲಿ ಗ್ರಾಫಿನ ಗೆರೆ ಸಮವಾಯಿತು.