ಡಾರ್ಫರ್ ಬಗ್ಗೆ ನಮ್ಮ ಸಂಸದರನ್ನು ಕೇಳುವುದು ಹೇಗೆ

ದೂರದ ದೇಶದಲ್ಲಿ ಒಂದು ಜನಾಂಗವನ್ನೇ ಅಳಿಸಿಹಾಕುತ್ತಿರುವಾಗ ಮೈಸೂರಿನಲ್ಲೋ ಮಂಡ್ಯದಲ್ಲೋ ಇರುವ ನಾವು ಏನು ಮಾಡಲು ಸಾಧ್ಯ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಹಿಟ್ಲರನ ಆಡಳಿತ 60 ಲಕ್ಷ ಯೆಹೂದಿಗಳನ್ನು ಕೊಂದ ಪಾಠ ಮುಗಿದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಿದ್ದರು: “ಮೇಡಂ, ಆಗ ಬೇರೆ ದೇಶದೋರೆಲ್ಲ ಏನ್ ಮಾಡ್ತಿದ್ರು?” ನಮ್ಮ ಕಾಲದ ಬಗ್ಗೆಯೂ ಮುಂದೊಂದು ದಿನ ಮಕ್ಕಳು ಇದನ್ನೇ ಕೇಳುತ್ತಾರೆ.

ಮೊದಲು ಒಂದೇ ಒಂದು ಜಾಗ ಹಿಡಿಯಿರಿ. ಲೋಕದ ಸಂಕಟವನ್ನೆಲ್ಲ ಒಂದು ಸಭೆಯಲ್ಲಿ ಸುರಿದರೆ ಕೇಳಿದವರು ನಿಟ್ಟುಸಿರುಬಿಟ್ಟು ಮನೆಗೆ ಹೋಗುತ್ತಾರೆ, ಅಷ್ಟೇ. ನಾವು ಕೆಲವರು ಹಿಡಿದಿರುವುದು ಸುಡಾನ್ ದೇಶದ ಡಾರ್ಫರ್ ಪ್ರಾಂತ್ಯವನ್ನು. ಅದಕ್ಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋಗಿಬರುವವರು. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಕೆಲವರು ಇದ್ದದ್ದು ಡಾರ್ಫರಿನ ಎಲ್ ಫಾಶರ್ ಪಟ್ಟಣದಲ್ಲಿ. ಭಾರತ ಸರ್ಕಾರ ನಮ್ಮ ಕಾವೇರಿಯ ಹೆಸರಿಟ್ಟು ‘ಆಪರೇಷನ್ ಕಾವೇರಿ’ ನಡೆಸಿ ಸಾವಿರಾರು ಭಾರತೀಯರನ್ನು ವಾಪಸು ಕರೆತಂದಿತು.

ನಮ್ಮವರು ಬಂದರು. ಆ ಊರಿನವರು ಎಲ್ಲಿಗೆ ಹೋಗಬೇಕು? ಅದೇ ವರ್ಷ ಪಶ್ಚಿಮ ಡಾರ್ಫರಿನ ಎಲ್ ಜೆನೀನಾದಲ್ಲಿ ಮಸಾಲಿತ್ ಸಮುದಾಯದವರನ್ನು ಆರ್‌ಎಸ್‌ಎಫ್ ಮತ್ತು ಅದರ ಜೊತೆಗಿದ್ದ ಪಡೆಗಳವರು ಹುಡುಕಿ ಹುಡುಕಿ ಕೊಂದರು. ಸತ್ತವರು 10,000ದಿಂದ 15,000 ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಅಂದಾಜು ಮಾಡಿತು. ಎಲ್ ಫಾಶರಿಗೆ ಆರ್‌ಎಸ್‌ಎಫ್ 500ಕ್ಕೂ ಹೆಚ್ಚು ದಿನ ಮುತ್ತಿಗೆ ಹಾಕಿತು. ಜನ ದನಕ್ಕೆ ಹಾಕುವ ಹಿಂಡಿ ತಿಂದು ಜೀವ ಹಿಡಿದರು. ಮುತ್ತಿಗೆ ನಿಲ್ಲಿಸಿ ಎಂದು ಭದ್ರತಾ ಮಂಡಳಿ 2024ರ ಜೂನ್‌ನಲ್ಲೇ ನಿರ್ಣಯ ಮಾಡಿತ್ತು. ಆದರೂ 2025ರ ಅಕ್ಟೋಬರ್ 26ರಂದು ಊರು ಆ ಪಡೆಯ ವಶವಾಯಿತು. ಸಂಪರ್ಕ ಕಡಿದುಹೋಗಿದ್ದ ಆ ದಿನಗಳಲ್ಲಿ ಹತ್ಯೆಯ ಗುರುತುಗಳು ಹೊರಜಗತ್ತಿಗೆ ಕಂಡದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದ ಉಪಗ್ರಹ ಚಿತ್ರಗಳಲ್ಲಿ.

ಡಾರ್ಫರನ್ನೇ ಹಿಡಿಯಬೇಕೆಂದೇನೂ ಇಲ್ಲ. ಬೈಲಕುಪ್ಪೆಯ ಸುತ್ತಮುತ್ತಲಿನವರಿಗೆ ಟಿಬೆಟ್ ಹತ್ತಿರದ ವಿಷಯ. ಇನ್ನು ಕೆಲವರಿಗೆ 2017ರಲ್ಲಿ ಮ್ಯಾನ್ಮಾರ್ ಬಿಟ್ಟು ಓಡಿದ ಏಳು ಲಕ್ಷಕ್ಕೂ ಮಿಕ್ಕಿದ ರೊಹಿಂಗ್ಯಾಗಳ ಸ್ಥಿತಿ ಮನಸ್ಸಿಗೆ ನಾಟಬಹುದು. ಆದರೆ ಒಂದನ್ನು ಹಿಡಿದ ಮೇಲೆ ಬಿಡಬೇಡಿ.

ಆಮೇಲೆ ಓದು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಜನಾಂಗಹತ್ಯೆ ತಡೆ ಒಪ್ಪಂದ ಬಹಳ ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಅದರ 2ನೇ ವಿಧಿ ಐದು ಕೃತ್ಯಗಳನ್ನು ಹೇಳುತ್ತದೆ: ಕೊಲ್ಲುವುದು, ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ ಮಾಡುವುದು, ಬದುಕಲಾರದ ಸ್ಥಿತಿಗೆ ತಳ್ಳುವುದು, ಹುಟ್ಟನ್ನು ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು. ಇವುಗಳ ಹಿಂದೆ ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಅಳಿಸುವ ಉದ್ದೇಶ ಇರಬೇಕು. ಇದು ಗೊತ್ತಿಲ್ಲದೆ ಮಾತಾಡಲು ಹೋದರೆ ಮೊದಲ ಅಡ್ಡಪ್ರಶ್ನೆಗೇ ತಡವರಿಸುತ್ತೀರಿ. ಅಡ್ಡಪ್ರಶ್ನೆ ಬಂದೇ ಬರುತ್ತದೆ: “ಇದು ಜನಾಂಗಹತ್ಯೆ ಅಂತ ಕೋರ್ಟು ಹೇಳಿದೆಯಾ?” ಇದಕ್ಕೆ ಉತ್ತರ ಬಾಯಲ್ಲಿರಲಿ. ಬೋಸ್ನಿಯಾ ಪ್ರಕರಣದಲ್ಲಿ 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಗಂಭೀರ ಅಪಾಯವಿದೆ ಎಂದು ತಿಳಿದ ಕ್ಷಣದಿಂದಲೇ ತಡೆಯುವ ಹೊಣೆ ದೇಶಗಳ ಮೇಲೆ ಬೀಳುತ್ತದೆ. ತೀರ್ಪಿಗಾಗಿ ಕಾಯುವುದೆಂದರೆ ಹೆಣ ಎಣಿಸಲು ಕಾಯುವುದು.

ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇರುವುದು ಭಾರತದ ಸ್ವಂತ ದಾಖಲೆಯಲ್ಲಿ. ಜನಾಂಗಹತ್ಯೆ ಅಂತರರಾಷ್ಟ್ರೀಯ ಅಪರಾಧವೆಂದು ಸಾರುವ ನಿರ್ಣಯವನ್ನು 1946ರಲ್ಲಿ ವಿಶ್ವಸಂಸ್ಥೆಯ ಮುಂದೆ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ, ಆಗಲೇ! ಒಪ್ಪಂದವನ್ನು ಭಾರತ ಸ್ಥಿರೀಕರಿಸಿದ್ದು 1959ರ ಆಗಸ್ಟ್ 27ರಂದು. ಆ ಒಪ್ಪಂದಕ್ಕಾಗಿ ದೇಶದೇಶಗಳ ಪ್ರತಿನಿಧಿಗಳಿಗೆ ಬೇಸರವಿಲ್ಲದೆ ಪತ್ರ ಬರೆದ ಪೋಲೆಂಡಿನ ವಕೀಲ ರಫಾಯೆಲ್ ಲೆಮ್ಕಿನ್ ಮರುದಿನವೇ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಒಪ್ಪಂದದ 5ನೇ ವಿಧಿಯಂತೆ ಪ್ರತಿ ದೇಶವೂ ತನ್ನಲ್ಲಿ ಇದಕ್ಕೊಂದು ಕಾನೂನು ಮಾಡಬೇಕು. ನಮ್ಮಲ್ಲಿ ಇಂದಿಗೂ ಆಗಿಲ್ಲ. 1984ರ ಸಿಖ್ಖರ ಹತ್ಯೆಯ ಪ್ರಕರಣವೊಂದರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಈ ಕೊರತೆಯನ್ನು ಎತ್ತಿ ಹೇಳಿತು. ಹಾಗಾಗಿ ಸಂಸದರ ಮುಂದೆ ನಾವು ದಯೆ ಬೇಡುವವರಂತೆ ನಿಲ್ಲಬೇಕಿಲ್ಲ. ದೇಶ ಕೊಟ್ಟ ಮಾತನ್ನು ನೆನಪಿಸುತ್ತಿದ್ದೇವೆ.

ಜನರನ್ನು ಸೇರಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ದೊಡ್ಡ ಸಭಾಂಗಣ, ಫ್ಲೆಕ್ಸು, ಶಾಲು-ಹಾರ ಯಾವುದೂ ಬೇಡ. ಕುಕ್ಕರಹಳ್ಳಿ ಕೆರೆಯಲ್ಲಿ ಬೆಳಿಗ್ಗೆ ಜೊತೆಗೆ ನಡೆಯುವವರು, ಬಡಾವಣೆಯ ಗ್ರಂಥಾಲಯಕ್ಕೆ ಬರುವವರು, ಪಕ್ಕದ ಮನೆಯ ಕಾನೂನು ವಿದ್ಯಾರ್ಥಿ, ಇಷ್ಟು ಜನ ಸಾಕು. ಪಕ್ಷಿರಾಜಪುರದಿಂದ ಸುಡಾನಿಗೆ ಹೋಗಿ ಬಂದವರೊಬ್ಬರು ಒಪ್ಪಿದರೆ ಅವರ ಬಾಯಲ್ಲೇ ಕೇಳಿ, ಒಪ್ಪದಿದ್ದರೆ ಒತ್ತಾಯಿಸಬೇಡಿ. ಹೆಣಗಳ ಫೋಟೊ, ವಿಡಿಯೊ ತೋರಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸತ್ತವರಿಗೂ ಮರ್ಯಾದೆ ಇದೆ. ಅಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ವಿಡಿಯೊಗಳಲ್ಲಿ ಬೇರೆ ಯಾವುದೋ ಯುದ್ಧದವು ಸೇರಿರುತ್ತವೆ. ಒಂದು ಸುಳ್ಳು ಸಿಕ್ಕಿದರೆ ಸಾಕು, ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಮೈಸೂರಿನವರಿಗೆ ನಾನು ರೇಡಿಯೊ ಕತೆ ಹೇಳುತ್ತೇನೆ. 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದ ಊರು ನಮ್ಮದು, ಆ ಹೆಮ್ಮೆ ಎಲ್ಲರಿಗೂ ಇದೆ. 1994ರಲ್ಲಿ ರುವಾಂಡಾದಲ್ಲಿ ಆರ್‌ಟಿಎಲ್‌ಎಂ ಎಂಬ ಬಾನುಲಿ ಟುಟ್ಸಿ ಸಮುದಾಯದವರನ್ನು ಜಿರಳೆಗಳೆಂದು ಕರೆಯುತ್ತ, ಯಾರನ್ನು ಎಲ್ಲಿ ಕೊಲ್ಲಬೇಕೆಂದು ಬಿತ್ತರಿಸಿತು. ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಹತ್ಯೆ ಶುರುವಾದ ಎರಡೇ ವಾರಕ್ಕೆ ಭದ್ರತಾ ಮಂಡಳಿ ಅಲ್ಲಿದ್ದ ಶಾಂತಿಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಇಷ್ಟು ಕೇಳಿದ ಮೇಲೆ ಮುಂದಿನದನ್ನು ವಿವರಿಸಬೇಕಾಗುವುದಿಲ್ಲ.

ಮಂಡ್ಯದ ಕಡೆ ಬೇರೆ ಮಾತು ಬರುತ್ತದೆ. “ಅಕ್ಕ, ನಮ್ ನಾಲೆಗೇ ನೀರಿಲ್ಲ, ನೀವು ಸುಡಾನ್ ಕಟ್ಕಂಡು ಏನ್ ಮಾಡ್ತೀರಿ?” ಕೋಪ ಮಾಡಿಕೊಳ್ಳಬೇಡಿ, ಆ ಕಷ್ಟ ನಿಜ. ನಾನು ಹೇಳುವುದಿಷ್ಟು: ನಾಲೆಯ ನೀರಿಗೆ ಮನವಿ ಕೊಡುವ ಕೈಯೇ ಇನ್ನೊಂದು ಮನವಿಗೆ ಸಹಿ ಹಾಕಿದರೆ ಮೊದಲನೆಯದರ ಬಲ ಕುಗ್ಗುವುದಿಲ್ಲ. ಚಳವಳಿ ಮಾಡಿ ಪಳಗಿದ ಮಂಡ್ಯದವರು ಒಪ್ಪಿದರೆ ಅರ್ಧಕ್ಕೆ ಬಿಟ್ಟು ಹೋಗುವವರಲ್ಲ. ಒಂದು ಎಚ್ಚರ: ಮಾತು ಇಲ್ಲಿಯ ಜಾತಿ-ಧರ್ಮದ ಜಗಳಕ್ಕೆ ಹೊರಳುತ್ತಿದೆ ಅನ್ನಿಸಿದರೆ ತಕ್ಷಣ ಎಲ್ ಫಾಶರಿಗೆ ವಾಪಸು ತನ್ನಿ.

ಈಗ ಸಂಸದರು. “ಖಂಡಿಸಿ” ಎಂದು ಕೇಳಬೇಡಿ. ಖಂಡಿಸುವುದು ಸುಲಭ, ಅದರಿಂದ ಯಾರಿಗೂ ಒಂದು ಹಿಡಿ ಹಿಟ್ಟು ಸಿಗುವುದಿಲ್ಲ. ಲಿಖಿತ ಉತ್ತರ ಬರುವಂಥ ಪ್ರಶ್ನೆಯನ್ನು ಲೋಕಸಭೆಯಲ್ಲಿ ಕೇಳಿ ಎನ್ನಿ. ಚುಕ್ಕೆರಹಿತ ಪ್ರಶ್ನೆಗೆ ಸರ್ಕಾರ ಬರವಣಿಗೆಯಲ್ಲೇ ಉತ್ತರ ಕೊಡಬೇಕು, ಅದು ಸಂಸತ್ತಿನ ಜಾಲತಾಣದಲ್ಲಿ ಉಳಿಯುತ್ತದೆ. ಪ್ರಶ್ನೆಯನ್ನು ನೀವೇ ಬರೆದುಕೊಂಡು ಹೋಗಿ. 150 ಪದ ಮೀರಬಾರದು, ಮಿತ್ರದೇಶವನ್ನು ಹೀಯಾಳಿಸುವ ಮಾತಿದ್ದರೆ ನಿಯಮದಂತೆ ತಿರಸ್ಕಾರವಾಗುತ್ತದೆ. ನಮ್ಮ ಕರಡಿನಲ್ಲಿ ಮೂರು ಅಂಶಗಳಿವೆ. ಸುಡಾನಿಗೆ ಈವರೆಗೆ ಕಳಿಸಿದ ಆಹಾರ, ಔಷಧ ಎಷ್ಟು? ಡಾರ್ಫರಿನ ನಾಗರಿಕರ ರಕ್ಷಣೆಗೆ ವಿಶ್ವಸಂಸ್ಥೆಯಲ್ಲಿ ಭಾರತ ತೆಗೆದುಕೊಂಡ ನಿಲುವೇನು? ಒಪ್ಪಂದದ 5ನೇ ವಿಧಿಯಂತೆ ಕಾನೂನು ತರುವ ಪ್ರಸ್ತಾವ ಇದೆಯೇ? ಕೊನೆಯದು ಬೇರೆ ಇಲಾಖೆಗೆ ಹೋಗಬಹುದು, ಹಾಗಾಗಿ ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದೇವೆ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಚಿನ ಸೂಚನೆ ಬೇಕು. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಓಡಬೇಡಿ, ದಿನಾಂಕ ಪ್ರಕಟವಾದ ಕೂಡಲೇ ಹೋಗಿ.

ಮೈಸೂರು–ಕೊಡಗಿನವರು ತಮ್ಮ ಸಂಸದರನ್ನೇ ಕೇಳಬಹುದು. ಮಂಡ್ಯದವರಿಗೆ ಒಂದು ತೊಡಕು: 2024ರಲ್ಲಿ ಗೆದ್ದ ಅಲ್ಲಿನ ಸಂಸದರು ಕೇಂದ್ರ ಮಂತ್ರಿ, ಮಂತ್ರಿಗಳು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರಿಗೆ ಮನವಿಪತ್ರ ಕೊಡಿ, ಸಂಪುಟದ ಸಹೋದ್ಯೋಗಿಯಾದ ವಿದೇಶಾಂಗ ಸಚಿವರಿಗೆ ತಮ್ಮ ಪತ್ರದೊಂದಿಗೆ ಕಳಿಸಲು ಕೇಳಿಕೊಳ್ಳಿ. ಪ್ರಶ್ನೆಗಾಗಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದ 12 ಮಂದಿಯಲ್ಲಿ ಒಬ್ಬರನ್ನು ಹಿಡಿಯಿರಿ. ಪಕ್ಷ ಯಾವುದೆಂದು ನೋಡಬೇಡಿ.

ಭೇಟಿಗೆ ಹೋಗುವಾಗ ಮೂರ್ನಾಲ್ಕು ಜನ ಸಾಕು, ಮಾತಾಡುವವರು ಒಬ್ಬರೇ ಇರಲಿ. ಸಿಗುವುದು ಐದು ನಿಮಿಷ. ಮೊದಲ ವಾಕ್ಯ ಹುಣಸೂರಿನದಾಗಿರಲಿ, ಎರಡನೆಯದು ನಿಮ್ಮ ಬೇಡಿಕೆ. ಆಪ್ತ ಸಹಾಯಕರ ಜೊತೆ ಗೌರವದಿಂದ ಮಾತಾಡಿ, ಅವರ ಹೆಸರು ಬರೆದುಕೊಳ್ಳಿ, ಮನವಿಯ ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದೇ ವಾರ ‘ಆಂದೋಲನ’, ‘ಮೈಸೂರು ಮಿತ್ರ’ದಂಥ ಪತ್ರಿಕೆಗಳ ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆಯಿರಿ: ಇಂಥ ದಿನ ಇಂಥ ಪ್ರಶ್ನೆ ಕೊಟ್ಟಿದ್ದೇವೆ, ಸಂಸದರು ಕೇಳುತ್ತಾರೆಂಬ ನಂಬಿಕೆಯಿದೆ ಎಂದು. ಅವರು ಕೇಳಿದಾಗ ಅದೇ ಅಂಕಣದಲ್ಲಿ ಧನ್ಯವಾದ ಹೇಳುವುದನ್ನೂ ಮರೆಯಬೇಡಿ.

ಮೊದಲ ಅಧಿವೇಶನದಲ್ಲಿ ಏನೂ ಆಗದಿದ್ದರೆ ಎದೆಗುಂದಬಾರದು. ಅಮೆರಿಕವು ಈ ಒಪ್ಪಂದವನ್ನು ಒಪ್ಪಬೇಕೆಂದು ವಿಲಿಯಂ ಪ್ರಾಕ್ಸ್‌ಮೈರ್ ಎಂಬ ಸೆನೆಟರ್ 1967ರಿಂದ 1986ರವರೆಗೆ, ಸದನ ಸೇರಿದ ದಿನವೆಲ್ಲ ಎದ್ದುನಿಂತು ಮಾತಾಡಿದರು, ಒಟ್ಟು 3,211 ಭಾಷಣ. ಕೊನೆಗೆ ಸೆನೆಟ್ ಒಪ್ಪಿತು. ನಮ್ಮ ಗುಂಪಿನಲ್ಲಿ ಸುಸ್ತಾದವರಿಗೆ ನಾನು ಈ ಸಂಖ್ಯೆ ಹೇಳುತ್ತೇನೆ.

ಉತ್ತರ ಬಂದರೆ ಎಲ್ಲರೂ ಕೂತು ಸಾಲುಸಾಲಾಗಿ ಓದಿ. ಕಳಿಸಿದ ನೆರವಿನ ಲೆಕ್ಕವಿದ್ದರೆ ಅದು ಡಾರ್ಫರಿಗೆ ಮುಟ್ಟಿದೆಯೇ ಎಂದು ಮುಂದಿನ ಪ್ರಶ್ನೆ ಬರೆಯಿರಿ. “ಪರಿಶೀಲನೆಯಲ್ಲಿದೆ” ಎಂದಷ್ಟೇ ಇದ್ದರೆ, ಯಾರು ಪರಿಶೀಲಿಸುತ್ತಿದ್ದಾರೆ, ಕಡತ ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ವಿದೇಶಾಂಗ ಸಚಿವಾಲಯಕ್ಕೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ, 30 ದಿನದೊಳಗೆ ಉತ್ತರಿಸಬೇಕು. ಆ ಉತ್ತರದ ಪ್ರತಿಯನ್ನು ಲಗತ್ತಿಸಿಕೊಂಡು ಮತ್ತೆ ಸಂಸದರ ಕಚೇರಿಗೆ ಹೋಗಿ.