ಕ್ರಿಪ್ಟೊ ತೆಗೆದುಕೊಂಡು ಹಳೇ ಗ್ರಾಫಿಕ್ಸ್ ಕಾರ್ಡ್ ಮಾರುವುದು ಹೇಗೆ?

ನನ್ನದು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಸಣ್ಣ ಅಂಗಡಿ. ಹಳೇ ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ, ಕಂಪನಿಗಳು ವಿಲೇವಾರಿ ಮಾಡಿದ ಲ್ಯಾಪ್‌ಟಾಪ್ ಎಲ್ಲ ತಂದು, ಧೂಳು ಹೊಡೆದು, ರಿಪೇರಿ ಮಾಡಿ ಆನ್‌ಲೈನಲ್ಲಿ ಮಾರುತ್ತೇನೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಅನ್ನುವ ಕ್ರಿಪ್ಟೊದವರು ತಮ್ಮ ವ್ಯವಸ್ಥೆಯನ್ನೇ ಬದಲಾಯಿಸಿದರು. ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಇಥೀರಿಯಂ ಮೈನಿಂಗ್ ಮಾಡುವ, ಅಂದರೆ ಲೆಕ್ಕ ಬಿಡಿಸಿ ಕಾಯಿನ್ ಗಳಿಸುವ ಕೆಲಸ ಅವತ್ತಿಗೆ ಮುಗಿಯಿತು. ಹಗಲೂ ರಾತ್ರಿ ದುಡಿದ ಆ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅವುಗಳ ಹಿಂದೆಯೇ "ಸಾರ್, ಯುಎಸ್‌ಡಿಟಿ ತಗೋತೀರಾ?" ಅನ್ನುವ ಗಿರಾಕಿಗಳೂ ಬಂದರು. ಯುಎಸ್‌ಡಿಟಿ ಅಂದರೆ ಒಂದಕ್ಕೆ ಒಂದು ಡಾಲರ್ ಬೆಲೆ ಇರುವ ಹಾಗೆ ಟೆದರ್ ಕಂಪನಿ ಹೊರಡಿಸುವ ಕ್ರಿಪ್ಟೊ.

ತೆಗೆದುಕೊಳ್ಳುತ್ತೇನೆ. ಆದರೆ ಎಲ್ಲರ ಹತ್ತಿರವೂ ಅಲ್ಲ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಇದು ಕಾನೂನಿಗೆ ವಿರುದ್ಧವಾ? 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಅಂದಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಅದು ರೂಪಾಯಿಯ ಹಾಗೆ ಹಣವೂ ಅಲ್ಲ. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅದೊಂದು ಆಸ್ತಿ. ಅಂದರೆ ನಾನು ಕಾರ್ಡ್ ಕೊಟ್ಟು ಬಿಟ್‌ಕಾಯಿನ್ ತೆಗೆದುಕೊಂಡರೆ, ರಾಗಿ ಕೊಟ್ಟು ಬೆಲ್ಲ ತಂದ ಹಾಗೆ. ಎರಡೂ ಕಡೆ ಮಾಲೇ. ಮುಂದೆ ಬರುವ ತಲೆನೋವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಕೊಳ್ಳುವವರು ಒಂದು ಲೆಕ್ಕ ಹಾಕಿಕೊಂಡು ಬನ್ನಿ. ನಿಮ್ಮ ಹತ್ತಿರ 10,000 ರೂಪಾಯಿಗೆ ತೆಗೆದುಕೊಂಡ ಬಿಟ್‌ಕಾಯಿನ್ ಇದೆ, ಈಗ ಅದರ ಬೆಲೆ 25,000 ಅಂತ ಇಟ್ಟುಕೊಳ್ಳಿ. ಅದನ್ನು ಕೊಟ್ಟು 25,000ದ ಕಾರ್ಡ್ ತೆಗೆದುಕೊಂಡರೆ, ನೀವು ಬಿಟ್‌ಕಾಯಿನ್ ಮಾರಿದ ಹಾಗೇ ಲೆಕ್ಕ. 15,000 ಲಾಭ. 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ ಶೇ 30 ತೆರಿಗೆ ಇದೆ, ಅದರ ಮೇಲೆ ಶೇ 4 ಸೆಸ್. ಒಟ್ಟು 4,680 ರೂಪಾಯಿ. ಕಾರ್ಡ್ ನಿಮಗೆ ಬಿದ್ದಿದ್ದು 29,680ಕ್ಕೆ. ಇನ್ನೊಂದು ಕಾಯಿನ್‌ನಲ್ಲಿ ನಷ್ಟ ಆಗಿದೆ, ಅದನ್ನು ಇದರಲ್ಲಿ ಕಳೆಯೋಣ ಅಂದರೆ ಅದಕ್ಕೂ ಅವಕಾಶ ಇಲ್ಲ. ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕಾಯಿನ್ ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆಯಲ್ಲಿ, ಮಾರಿ ರೂಪಾಯಿ ಮಾಡಿಕೊಂಡು ಬಂದರೂ ಇದೇ ತೆರಿಗೆ. ಹಾಗಾಗಿ ಸುಲಭವಾಗಿ ಯುಪಿಐ ಮಾಡಬಲ್ಲವರಿಗೆ ನಾನು "ಸುಮ್ನೆ ಯುಪಿಐ ಮಾಡಿ" ಅಂತಲೇ ಹೇಳುತ್ತೇನೆ.

ಅಷ್ಟಾದರೂ ಕ್ರಿಪ್ಟೊದಲ್ಲೇ ಕೊಡುತ್ತೇನೆ ಅನ್ನುವವರ ಜೊತೆ ವ್ಯವಹಾರ ಹೀಗೆ.

ಬೆಲೆ ಯಾವಾಗಲೂ ರೂಪಾಯಿಯಲ್ಲಿ. ಕಾರ್ಡ್ 18,000 ಅಂದರೆ 18,000. ಬಿಲ್ಲಿನಲ್ಲೂ ಅದೇ. ಅದನ್ನು ಕಾಯಿನ್‌ಗೆ ಬದಲಾಯಿಸುವ ರೇಟ್ ಯಾವ ಎಕ್ಸ್‌ಚೇಂಜಿನದು, ಎಷ್ಟು ಹೊತ್ತಿಗೆ ನೋಡಿದ್ದು ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆದು ಇಬ್ಬರೂ ಒಪ್ಪಬೇಕು. ಗೂಗಲ್‌ನಲ್ಲಿ ಕಾಣುವ ಡಾಲರ್ ರೇಟ್ ಹಿಡಿದುಕೊಂಡು ಬಂದರೆ ಜಗಳ ಖಾಯಂ. ನಮ್ಮ ಎಕ್ಸ್‌ಚೇಂಜುಗಳಲ್ಲಿ ಯುಎಸ್‌ಡಿಟಿಗೆ ಸಾಮಾನ್ಯವಾಗಿ ಡಾಲರ್‌ಗಿಂತ ಜಾಸ್ತಿ ರೇಟ್ ಇರುತ್ತದೆ. ನಾನು ಹೇಳಿದ ರೇಟ್ ಇಪ್ಪತ್ತು ನಿಮಿಷ ಮಾತ್ರ ಇರುತ್ತದೆ. ಅದರೊಳಗೆ ಕಳಿಸದಿದ್ದರೆ ಹೊಸ ರೇಟ್.

ವಾಪಸ್ ಕೊಡುವ ಮಾತೂ ಆಗಲೇ ಆಗಬೇಕು. ಕಾರ್ಡ್ ಕೆಟ್ಟಿದ್ದರೆ ನಾನು ಕೊಡುವುದು ರೂಪಾಯಿ, ಬ್ಯಾಂಕ್ ಖಾತೆಗೆ. "ನಾನು ಇಷ್ಟು ಬಿಟ್‌ಕಾಯಿನ್ ಕೊಟ್ಟಿದ್ದೆ, ಅಷ್ಟೇ ಕೊಡಿ" ಅಂದರೆ ಆಗುವುದಿಲ್ಲ. ವಾರದಲ್ಲಿ ಬೆಲೆ ಎಲ್ಲಿಗೋ ಹೋಗಿರುತ್ತದೆ. ಕಾಯಿನ್‌ನಲ್ಲೇ ವಾಪಸ್ ಕೊಡುವವರಾದರೆ, ಹಣ ಬಂದ ವಿಳಾಸಕ್ಕೇ (ವಿಳಾಸ ಅಂದರೆ ಕ್ರಿಪ್ಟೊದ ಖಾತೆ ನಂಬರ್ ಇದ್ದ ಹಾಗೆ) ತಿರುಗಿಸಿ ಕಳಿಸಬೇಡಿ. ಗಿರಾಕಿ ಎಕ್ಸ್‌ಚೇಂಜಿನಿಂದ ಕಳಿಸಿದ್ದರೆ ಆ ವಿಳಾಸ ಅವರದಲ್ಲ, ಎಕ್ಸ್‌ಚೇಂಜಿನದು. ಹೊಸ ವಿಳಾಸ ಕೇಳಿ ತೆಗೆದುಕೊಳ್ಳಿ.

ಇನ್ನು ಹಣ ಬರುವ ಹೊತ್ತು. ಇಲ್ಲಿ ನಿಧಾನ ಮಾಡಿ, ಯಾಕೆಂದರೆ ಒಮ್ಮೆ ಹೋದ ಕಾಯಿನ್ ತಿರುಗಿ ಬರುವುದಿಲ್ಲ, ಯಾವ ಬ್ಯಾಂಕಿಗೂ ಅರ್ಜಿ ಕೊಡಲಾಗುವುದಿಲ್ಲ. ಮೊದಲು ಯಾವ ನೆಟ್‌ವರ್ಕ್, ಅಂದರೆ ಕಾಯಿನ್ ಓಡಾಡುವ ಯಾವ ಜಾಲ, ಅನ್ನುವುದು ಗೊತ್ತಾಗಬೇಕು. ಒಂದೇ ಯುಎಸ್‌ಡಿಟಿ ಟ್ರಾನ್ ಮೇಲೂ ಇದೆ, ಇಥೀರಿಯಂ ಮೇಲೂ ಇದೆ, ಇನ್ನೂ ಹಲವು ಕಡೆ ಇದೆ. ಟ್ರಾನ್ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುತ್ತದೆ. ಇಥೀರಿಯಂದು ಸೊನ್ನೆ, ಎಕ್ಸ್‌ನಿಂದ. ಯುಎಸ್‌ಡಿಟಿಯನ್ನು ನಾನು ಟ್ರಾನ್ ಮೇಲೆ ಮಾತ್ರ ತೆಗೆದುಕೊಳ್ಳುತ್ತೇನೆ. ಸುಮಾರು ಒಂದು ನಿಮಿಷದಲ್ಲಿ ಖಚಿತವಾಗುತ್ತದೆ. ಒಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ: ಟ್ರಾನ್ ಮೇಲೆ ಬಂದ ಯುಎಸ್‌ಡಿಟಿಯನ್ನು ಮುಂದೆ ಕಳಿಸಬೇಕಾದರೆ ಅದೇ ವ್ಯಾಲೆಟ್‌ನಲ್ಲಿ (ಕಾಯಿನ್ ಇಡುವ ಆ್ಯಪ್) ಸ್ವಲ್ಪ ಟಿಆರ್‌ಎಕ್ಸ್, ಅಂದರೆ ಟ್ರಾನ್‌ನದೇ ಕಾಯಿನ್, ಇರಬೇಕು, ಶುಲ್ಕಕ್ಕೆ. ಅದಿಲ್ಲದಿದ್ದರೆ ದುಡ್ಡು ಕಣ್ಣಿಗೆ ಕಾಣುತ್ತದೆ, ಅಲುಗಾಡುವುದಿಲ್ಲ.

ವಿಳಾಸವನ್ನು ಕ್ಯೂಆರ್ ಕೋಡ್ ಆಗಿ ಕಳಿಸುತ್ತೇನೆ. ಅಕ್ಷರದಲ್ಲೂ ಕಳಿಸುತ್ತೇನೆ. ಆಮೇಲೆ ಫೋನ್ ಮಾಡಿ ಮೊದಲ ಆರು, ಕೊನೆಯ ಆರು, ನಡುವಿನ ನಾಲ್ಕು ಅಕ್ಷರ ಓದಿಸುತ್ತೇನೆ. "ಅಣ್ಣ, ಕಾಪಿ ಪೇಸ್ಟ್ ಮಾಡಿದೀನಿ, ತಪ್ಪು ಹೇಗಾಗುತ್ತೆ?" ಅಂತಾರೆ. ಆಗುತ್ತದೆ. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವ ಹೊತ್ತಿಗೆ ಬದಲಾಯಿಸಿಬಿಡುವ ವೈರಸ್‌ಗಳಿವೆ. ಇನ್ನೊಂದು ಆಟವೂ ಇದೆ. ನಿಮ್ಮ ವಿಳಾಸದ ಹಾಗೇ ಶುರುವಾಗಿ ಹಾಗೇ ಮುಗಿಯುವ ಇನ್ನೊಂದು ವಿಳಾಸ ಮಾಡಿ, ಅದರಿಂದ ಗಿರಾಕಿಗೆ ಪುಡಿಗಾಸು ಕಳಿಸುತ್ತಾರೆ. ಮುಂದಿನ ಸಲ ಗಿರಾಕಿ ಹಳೇ ಪಟ್ಟಿ ನೋಡಿ ಅದನ್ನೇ ಒತ್ತಲಿ ಅಂತ. ನಡುವಿನ ಅಕ್ಷರ ಓದಿಸುವುದು ಅದಕ್ಕೇ. ಓದಿದ ಮೇಲೆ ಮೊದಲು ಹತ್ತು ಯುಎಸ್‌ಡಿಟಿ ಕಳಿಸಿ ಅನ್ನುತ್ತೇನೆ. ಅದು ಬಂದ ಮೇಲೆ ಉಳಿದದ್ದು.

ಸ್ಕ್ರೀನ್‌ಶಾಟ್ ನೋಡಿ ಮಾಲು ಕೊಡಬೇಡಿ. ಸ್ಕ್ರೀನ್‌ಶಾಟ್‌ಗೆ ನನ್ನ ಅಂಗಡಿಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ವಹಿವಾಟಿನ ಐಡಿ ತೆಗೆದುಕೊಂಡು ನೀವೇ ಟ್ರಾನ್‌ಸ್ಕ್ಯಾನ್‌ನಲ್ಲಿ, ಅಂದರೆ ಟ್ರಾನ್ ವಹಿವಾಟೆಲ್ಲ ತೋರಿಸುವ ವೆಬ್‌ಸೈಟಿನಲ್ಲಿ, ಹಾಕಿ ನೋಡಿ. ಅಲ್ಲೂ ಯುಎಸ್‌ಡಿಟಿ ಅನ್ನುವ ಹೆಸರು ಕಂಡರೆ ಸಾಲದು. ಯಾರು ಬೇಕಾದರೂ ಅದೇ ಹೆಸರಿನಲ್ಲಿ, ಅದೇ ಚಿತ್ರ ಹಾಕಿ ಒಂದು ಸುಳ್ಳು ಟೋಕನ್ ಮಾಡಬಹುದು. ಕಾಂಟ್ರ್ಯಾಕ್ಟ್ ವಿಳಾಸ, ಅಂದರೆ ಆ ಟೋಕನ್‌ನ ಗುರುತಿನ ನಂಬರ್, ಟೆದರ್ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಕೊಟ್ಟಿದ್ದೇನಾ ಅಂತ ತಾಳೆ ನೋಡಿ. ನಾನು ಅದನ್ನು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ. ಬಿಟ್‌ಕಾಯಿನ್ ಆದರೆ ಕಥೆ ಬೇರೆ. ಅಲ್ಲಿ ವಹಿವಾಟುಗಳನ್ನು ಕಂತೆ ಕಟ್ಟಿ ದಾಖಲಿಸುತ್ತಾರೆ, ಆ ಕಂತೆಗೆ ಬ್ಲಾಕ್ ಅನ್ನುತ್ತಾರೆ. ಒಂದು ಬ್ಲಾಕ್‌ಗೆ ಸರಾಸರಿ ಹತ್ತು ನಿಮಿಷ. ಇನ್ನೂ ಬ್ಲಾಕ್‌ಗೆ ಸೇರದ ವಹಿವಾಟನ್ನು ಕಳಿಸಿದವರು ಜಾಸ್ತಿ ಶುಲ್ಕ ಕೊಟ್ಟು ಬೇರೆ ಕಡೆಗೆ ತಿರುಗಿಸಿಕೊಳ್ಳಬಹುದು. ದೊಡ್ಡ ಮಾಲಿಗೆ ಆರು ಬ್ಲಾಕ್ ಕಾಯುವುದು ಹಳೇ ಪದ್ಧತಿ, ಸುಮಾರು ಒಂದು ಗಂಟೆ. ಅಷ್ಟು ಹೊತ್ತಿಗೆ ಕಾಫಿ ಕುಡಿದು ಬರಬಹುದು.

ಈಗ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಮಾರುವವರು ಹೆಚ್ಚಿನವರು ಇಲ್ಲೇ ಎಡವುತ್ತಾರೆ. 2022ರ ಜುಲೈ 1ರಿಂದ ಕ್ರಿಪ್ಟೊ ಕೈ ಬದಲಾದರೆ ಶೇ 1 ಟಿಡಿಎಸ್ ಇದೆ. ಎಕ್ಸ್‌ಚೇಂಜ್‌ನಲ್ಲಿ ಮಾರಿದರೆ ಅವರೇ ಹಿಡಿದು ಕಟ್ಟುತ್ತಾರೆ. ಆದರೆ ಇಲ್ಲಿ ಕಾಯಿನ್ ಮಾರುತ್ತಿರುವವರು ಗಿರಾಕಿ, ಕೊಳ್ಳುತ್ತಿರುವವನು ನಾನು, ಅದಕ್ಕೆ ನಾನು ಕೊಡುತ್ತಿರುವ ಬೆಲೆ ಗ್ರಾಫಿಕ್ಸ್ ಕಾರ್ಡ್! ಹಾಗಾಗಿ ಟಿಡಿಎಸ್ ಕಟ್ಟಿದೆಯೋ ಇಲ್ಲವೋ ನೋಡಿಕೊಳ್ಳುವ ಹೊಣೆ ನನ್ನದು, ಅದೂ ಕಾರ್ಡ್ ಕೈಬಿಡುವ ಮೊದಲು. ನನ್ನಂಥ ಸಣ್ಣ ವ್ಯಾಪಾರಿಗೆ, ಅಂದರೆ ಹಿಂದಿನ ವರ್ಷ ವಹಿವಾಟು ಒಂದು ಕೋಟಿ ದಾಟದವರಿಗೆ, ವರ್ಷಕ್ಕೆ ಒಟ್ಟು 50,000 ರೂಪಾಯಿವರೆಗೆ ಇದು ಬೇಡ. ಉಳಿದವರಿಗೆ ಮಿತಿ 10,000 ಅಷ್ಟೆ.

ನಾನು ಮಾಡುವುದು ಇಷ್ಟು. ಮಿತಿ ದಾಟಿದ ಮೇಲೆ 60,000ದ ಮಾಲು ಹೋಗುತ್ತಿದೆ ಅಂದರೆ, ಗಿರಾಕಿಯಿಂದ 600 ರೂಪಾಯಿ ಯುಪಿಐ ಮಾಡಿಸಿಕೊಳ್ಳುತ್ತೇನೆ, ಅವರ ಪ್ಯಾನ್ ಮೇಲೆ ಕಟ್ಟುತ್ತೇನೆ, ಚಲನ್ ಕಳಿಸುತ್ತೇನೆ. ಆಮೇಲೆ ಪಾರ್ಸೆಲ್. ರಿಟರ್ನ್ಸ್ ಹಾಕುವಾಗ ಅದು ಅವರ ಲೆಕ್ಕಕ್ಕೆ ಜಮಾ ಸಿಗುತ್ತದೆ. 1961ರ ಕಾಯ್ದೆಯಲ್ಲಿ ಇದು ಸೆಕ್ಷನ್ 194ಎಸ್, ಸಣ್ಣವರಿಗೆ ಫಾರಂ 26ಕ್ಯೂಇ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ನಂಬರ್‌ಗಳನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ. ಪ್ಯಾನ್ ಕೊಡುವುದಿಲ್ಲ ಅನ್ನುವವರಿಗೆ ನಾನು ಮಾಲು ಕೊಡುವುದಿಲ್ಲ. "ಕ್ರಿಪ್ಟೊ ಅಂದ್ರೇನೇ ಗುಟ್ಟು ಅಲ್ವಾ ಸಾರ್?" ಅಂತ ಒಬ್ಬರು ಕೇಳಿದರು. ಗುಟ್ಟು ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಲಿ.

ಜಿಎಸ್‌ಟಿಯಲ್ಲೂ ವಿನಾಯಿತಿ ಇಲ್ಲ. ಕಾಯಿನ್‌ನಲ್ಲಿ ಬಂದರೂ ಮಾರಾಟ ಮಾರಾಟವೇ. ಹೊರರಾಜ್ಯಕ್ಕೆ ಮಾಲು ಕಳಿಸುವವರಿಗೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು.

ಪಾರ್ಸೆಲ್ ವಿಷಯ. ಕಾರ್ಡ್ ಓಡುತ್ತಿರುವುದು, ಸೀರಿಯಲ್ ನಂಬರ್, ಆಂಟಿಸ್ಟ್ಯಾಟಿಕ್ ಕವರ್‌ಗೆ ಹಾಕುವುದು, ಟೇಪ್ ಸುತ್ತುವುದು, ತೂಕ, ಪೋಸ್ಟಿನ ಚೀಟಿ ಎಲ್ಲ ಒಂದೇ ವಿಡಿಯೊದಲ್ಲಿ, ನಡುವೆ ಕಟ್ ಮಾಡದೆ. ಫ್ಯಾನಿನ ಸ್ಕ್ರೂ ಮೇಲೆ ಬಣ್ಣದ ಚುಕ್ಕಿ ಇಡುತ್ತೇನೆ, ಬಿಚ್ಚಿದ್ದರೆ ಗೊತ್ತಾಗಲಿ ಅಂತ. ಗಿರಾಕಿಯೂ ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಒಟಿಪಿ ಕೊಟ್ಟರೆ ಮಾತ್ರ ಮಾಲು ಕೊಡುವ ಸೌಲಭ್ಯ ಬಂದಿದೆ, ದುಬಾರಿ ಮಾಲಿಗೆ ಅದನ್ನೇ ಹಾಕಿಸಿ. ಮೈಸೂರು, ಮಂಡ್ಯ ಕಡೆಯವರಾದರೆ ಇದ್ಯಾವುದೂ ಬೇಡ. ಅಂಗಡಿಗೆ ಬನ್ನಿ, ಕಾರ್ಡನ್ನು ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ಓಡಿಸಿ, ಬಿಸಿ ಎಷ್ಟಾಗುತ್ತೆ ನೋಡಿ, ಇಲ್ಲೇ ಕುಳಿತು ಕಳಿಸಿ.

ಕೊಳ್ಳುವವರ ಕಡೆಯಿಂದ ಯೋಚಿಸಿದರೆ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಹಣ ಮೊದಲು ಹೋಗುತ್ತದೆ. ಗುರುತಿಲ್ಲದವರಿಂದ ಕೊಳ್ಳುವಾಗ ಅವತ್ತಿನ ತಾರೀಖು ಬರೆದ ಚೀಟಿಯನ್ನು ಮಾಲಿನ ಪಕ್ಕ ಇಟ್ಟು, ಸೀರಿಯಲ್ ನಂಬರ್ ಕಾಣುವ ಹಾಗೆ ವಿಡಿಯೊ ಕೇಳಿ. ಟೆಲಿಗ್ರಾಂನಲ್ಲಿ "ನಾನು ಮಧ್ಯಸ್ಥ, ಹಣ ನನ್ನ ಹತ್ತಿರ ಇಡಿ" ಅಂತ ಬರುವವರು ಹಲವು ಸಲ ಮಾರುವವರದೇ ಎರಡನೇ ನಂಬರ್. ಗಟ್ಟಿಯಾದ ದಾರಿ ಬೇಕೆಂದರೆ ಬಿಟ್‌ಕಾಯಿನ್‌ನಲ್ಲಿ ಮೂರು ಕೀಲಿಯ ವ್ಯಾಲೆಟ್ ಮಾಡಬಹುದು. ಕೊಳ್ಳುವವರ ಹತ್ತಿರ ಒಂದು ಕೀಲಿ, ಮಾರುವವರ ಹತ್ತಿರ ಒಂದು, ಇಬ್ಬರಿಗೂ ಗೊತ್ತಿರುವ ಮೂರನೆಯವರ ಹತ್ತಿರ ಒಂದು. ಯಾವುದಾದರೂ ಎರಡು ಸೇರಿದರೆ ಹಣ ಹೊರಡುತ್ತದೆ. ಜಗಳ ಬಂದರೆ ಮೂರನೆಯವರು ಒಂದು ಕಡೆ ಸೇರುತ್ತಾರೆ, ಅವರೊಬ್ಬರೇ ಹಣ ಎತ್ತಿಕೊಂಡು ಹೋಗಲು ಆಗುವುದಿಲ್ಲ. ನಡುವೆ ಒಬ್ಬರು ಇರುವುದು ಹೊಸದೇನಲ್ಲ. 2010ರ ಮೇ 22ರಂದು ಅಮೆರಿಕದ ಲಾಸ್ಲೋ ಹನ್ಯೆಟ್ಸ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪೀಟ್ಜಾ ತರಿಸಿದ ಕಥೆ ಎಲ್ಲರೂ ಹೇಳುತ್ತಾರೆ. ಪೀಟ್ಜಾ ಅಂಗಡಿಗೆ ಬಿಟ್‌ಕಾಯಿನ್ ಹೋಗಲೇ ಇಲ್ಲ. ಇನ್ನೊಬ್ಬ ಹುಡುಗ ಮಾಮೂಲಿ ದುಡ್ಡು ಕೊಟ್ಟು ಆರ್ಡರ್ ಮಾಡಿ, ಬಿಟ್‌ಕಾಯಿನ್ ತಾನು ಇಟ್ಟುಕೊಂಡ.

ಹಾರ್ಡ್‌ವೇರ್ ವ್ಯಾಲೆಟ್, ಅಂದರೆ ಕಾಯಿನ್‌ನ ಕೀಲಿ ಇಡುವ ಪುಟ್ಟ ಸಾಧನ, ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ, ನನ್ನ ಹತ್ತಿರ ಕೂಡ. ಡಬ್ಬಿಯೊಳಗೆ ವ್ಯಾಲೆಟ್ ತೆರೆಯುವ 12 ಅಥವಾ 24 ಪದ ಮೊದಲೇ ಬರೆದ ಚೀಟಿ ಇದ್ದರೆ, ಅದನ್ನು ಬರೆದವರು ನಿಮ್ಮ ಹಣಕ್ಕೆ ಕಾಯುತ್ತಿದ್ದಾರೆ ಅಂತಲೇ ಅರ್ಥ.

ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್ಲೇ ಕೆಲಸ ಮಾಡುವ ಚಾಚಾ ಒಬ್ಬರು ನನ್ನ ಹತ್ತಿರ ಬಂದು, "ಏನಪ್ಪಾ, ಫಾರಿನ್‌ನವರು ಬಿಟ್‌ಕಾಯಿನ್ ಕೊಡ್ತಾರಂತೆ, ತಗೊಳ್ಲಾ?" ಅಂದರು. ಬೇಡ ಚಾಚಾ ಅಂದೆ. ರಫ್ತಿನ ಹಣ ಬ್ಯಾಂಕ್ ಮೂಲಕವೇ ಬರಬೇಕು ಅನ್ನುತ್ತದೆ ವಿದೇಶಿ ವಿನಿಮಯದ ಕಾನೂನು. ವ್ಯಾಲೆಟ್‌ಗೆ ಬಂದ ಕಾಯಿನ್ ತೋರಿಸಿದರೆ ಬ್ಯಾಂಕಿನವರ ಲೆಕ್ಕದಲ್ಲಿ ಆ ರಫ್ತಿನ ಹಣ ಇನ್ನೂ ಬಂದೇ ಇಲ್ಲ. ಅವರಿಗೆ ಐಇಸಿ ನಂಬರ್ (ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್) ಮಾಡಿಸಿ, ಬ್ಯಾಂಕಿಗೇ ಡಾಲರ್ ತರಿಸಿಕೊಳ್ಳಿ ಅಂತ ಹೇಳಿ ಕಳಿಸಿದೆ. ನನ್ನದೂ ಅದೇ ನಿಯಮ: ಕ್ರಿಪ್ಟೊ ವ್ಯಾಪಾರ ಭಾರತದ ಒಳಗೆ ಮಾತ್ರ.

ಬಂದ ಯುಎಸ್‌ಡಿಟಿಯನ್ನು ನಾನು ಇಟ್ಟುಕೊಂಡು ಕೂರುವುದಿಲ್ಲ, ಅವತ್ತೇ ರೂಪಾಯಿ ಮಾಡುತ್ತೇನೆ. ಎಕ್ಸ್‌ಚೇಂಜ್‌ನಲ್ಲೂ ಬಿಡುವುದಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಕಳುವಾದ ಮೇಲೆ ಎಷ್ಟು ಜನ ತಮ್ಮದೇ ಹಣಕ್ಕೆ ಕಾದರು ಅನ್ನುವುದು ಗೊತ್ತಲ್ಲ. ಮಾರುವುದು ಎಫ್‌ಐಯು (ಕಪ್ಪುಹಣದ ವಹಿವಾಟಿನ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಇರುವ ಎಕ್ಸ್‌ಚೇಂಜ್‌ನಲ್ಲೇ, ಅವರ ಮಾಮೂಲಿ ಮಾರುಕಟ್ಟೆಯಲ್ಲೇ. ಪಿ2ಪಿ ಅಂತ, ಇನ್ನೊಬ್ಬರಿಗೆ ನೇರವಾಗಿ ಮಾರುವ ಒಂದು ದಾರಿ ಇದೆ, ಎರಡು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹುಡುಗರು ಅದಕ್ಕೆ ಹೋಗುತ್ತಾರೆ. ಅಲ್ಲಿ ನಿಮ್ಮ ಖಾತೆಗೆ ಹಣ ಹಾಕುವವರು ಯಾರೋ ಗೊತ್ತಿಲ್ಲದವರು. ಆ ಹಣ ಯಾರದೋ ವಂಚನೆಯದಾಗಿದ್ದು, ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ, ಹಣ ಹೋದ ಜಾಡು ಹಿಡಿದು ನಿಮ್ಮ ಖಾತೆಯನ್ನೂ ತಡೆಹಿಡಿಯುತ್ತಾರೆ. ಆಗ ಕೆಲಸಕ್ಕೆ ಬರುವುದು ಕಾಗದಪತ್ರ ಮಾತ್ರ. ಪ್ರತಿ ಮಾರಾಟಕ್ಕೂ ಒಂದು ಫೋಲ್ಡರ್ ಮಾಡಿ: ಬಿಲ್, ರೇಟ್ ಒಪ್ಪಿಕೊಂಡ ಚಾಟ್, ವಹಿವಾಟಿನ ಐಡಿ, ಚಲನ್, ಪೋಸ್ಟಿನ ರಸೀದಿ, ಎಕ್ಸ್‌ಚೇಂಜ್‌ನಿಂದ ಬ್ಯಾಂಕಿಗೆ ಬಂದ ಸಾಲು. ಪ್ಯಾಕಿಂಗ್ ವಿಡಿಯೊವನ್ನೂ ಅದರಲ್ಲೇ ಹಾಕಿ, ಫೋನಿನಲ್ಲಿ ಜಾಗ ಇಲ್ಲ ಅಂತ ಅಳಿಸಬೇಡಿ.