‘ಗೆಟ್’ ಪಕ್ಕದಲ್ಲಿ ಏನಿದೆ ನೋಡಿ

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ (get) ಕ್ರಿಯಾಪದ ಹುಡುಕಿದರೆ ಅರ್ಥಗಳ ಸಾಲು ಮುಗಿಯುವುದೇ ಇಲ್ಲ. ಅಷ್ಟನ್ನೂ ಬಾಯಿಪಾಠ ಮಾಡುವುದು ದಂಡ. ಅದರ ಪಕ್ಕದಲ್ಲಿ ಯಾವ ಬಗೆಯ ಪದ ಬಂದಿದೆ ಎಂದು ನೋಡಿದರೆ ಬಹಳಷ್ಟು ಕಡೆ ಅರ್ಥ ತಾನಾಗಿ ಹೊಳೆಯುತ್ತದೆ.

ನಾಮಪದ ಬಂದಿದ್ದರೆ ಸಿಗು, ಬರು, ತರು. ‘ಐ ಗಾಟ್ ಎ ಲೆಟರ್’ (‘ಗಾಟ್’ ಎಂಬುದು ‘ಗೆಟ್’ನ ಭೂತಕಾಲ) ಅಂದರೆ ನನಗೊಂದು ಪತ್ರ ಬಂತು. ನಮ್ಮ ‘ನನಗೆ’ ಇಲ್ಲಿ ‘ಐ’ ಆಗುವುದನ್ನು ಗಮನಿಸಿ. ಗುಣವಾಚಕ ಬಂದಿದ್ದರೆ ಆಗು: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಸ್ಥಳ ಬಂದಿದ್ದರೆ ತಲುಪು: ‘ಗೆಟ್ ಟು ದಿ ಸ್ಟೇಷನ್’. ಆದರೆ ಹೋಮ್, ಹಿಯರ್, ದೇರ್ ಮುಂದೆ ‘ಟು’ ಹಾಕಬೇಡಿ. ‘ಗೆಟ್ ಹೋಮ್’ ಅಷ್ಟೇ.

ಹೆಚ್ಚು ಜನ ಎಡವುವುದು ‘ಮಾಡಿಸು’ ಎನ್ನಬೇಕಾದಲ್ಲಿ. ‘ಐ ರಿಪೇರ್ಡ್ ಮೈ ಫೋನ್’ ಎಂದರೆ ಸ್ಕ್ರೂಡ್ರೈವರ್ ಹಿಡಿದು ನೀವೇ ಕೂತಿರಿ ಎಂದಾಯಿತು. ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಿದ್ದರೆ ‘ಐ ಗಾಟ್ ಮೈ ಫೋನ್ ರಿಪೇರ್ಡ್’ ಅನ್ನಬೇಕು. ಮೊದಲು ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ‘ಗಾಟ್ ರಿಪೇರ್ಡ್ ಮೈ ಫೋನ್’ ಎಂದು ಅದಲುಬದಲು ಮಾಡಿದರೆ ವಾಕ್ಯ ಕೆಟ್ಟಿತು. ಕಾಲ ಬದಲಾಗುವುದು ‘ಗೆಟ್’ನಲ್ಲಿ ಮಾತ್ರ, ನಾಳೆ ಮಾಡಿಸುವುದಾದರೂ ‘ವಿಲ್ ಗೆಟ್ ಮೈ ಫೋನ್ ರಿಪೇರ್ಡ್’, ಕೊನೆಯ ಪದ ಅಲುಗುವುದಿಲ್ಲ. ಇದೇ ಅಚ್ಚು ಬೇಡದೆ ಆದದ್ದಕ್ಕೂ ಒದಗುತ್ತದೆ: ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದಿ ಡೋರ್’, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡೆ. ಕನ್ನಡದಲ್ಲೂ ಅಲ್ಲೊಂದು ‘ಮಾಡಿಸು’ವಿನಂಥ ‘ಇಸು’ ನುಸುಳಿದೆ, ನೋಡಿ.

ಕೆಲಸ ಮಾಡುವವರನ್ನು ಹೆಸರಿಸಿದರೆ ‘ಟು’ ಬೇಕೇ ಬೇಕು: ‘ಐ ಗಾಟ್ ಹಿಮ್ ಟು ಸೈನ್’. ಹೇಗೋ ಒಪ್ಪಿಸಿ ಸಹಿ ಹಾಕಿಸಿದೆ ಎಂಬ ಧ್ವನಿ ಇದಕ್ಕಿದೆ. ‘ಐ ಮೇಡ್ ಹಿಮ್ ಸೈನ್’ ಎಂದರೆ ಬಲವಂತದ ವಾಸನೆ ಹೊಡೆಯುತ್ತದೆ, ಅಲ್ಲಿ ‘ಟು’ ಕೂಡ ಇಲ್ಲ.

ಇಳಿಯುವ ವಿಚಾರ: ಬಸ್ಸು, ರೈಲಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್ ಆಫ್’. ‘ಗೆಟ್ ಡೌನ್’ ಅನ್ನು ಏಣಿಗೆ, ಮರಕ್ಕೆ ಇಟ್ಟುಕೊಳ್ಳಿ. ಇನ್ನು ‘ಗೆಟ್’ನ ಮೂರನೇ ರೂಪವಾಗಿ ‘ಗಾಟನ್’ ತಪ್ಪಲ್ಲ, ಅಮೆರಿಕದ ಬಳಕೆ. ಅಲ್ಲಿ ‘ಐ ಹ್ಯಾವ್ ಗಾಟ್ ಎ ಟಿಕೆಟ್’ ಅಂದರೆ ಟಿಕೆಟ್ ನನ್ನ ಹತ್ತಿರ ಇದೆ. ‘ಐ ಹ್ಯಾವ್ ಗಾಟನ್ ಎ ಟಿಕೆಟ್’ ಅಂದರೆ ಟಿಕೆಟ್ ಸಿಕ್ಕಿದೆ.